ಜೇನು ಎಳೆಯುವ ಗಾಡಿ ಯಾವುದು?

ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಸಂಜೆ ಅಂಗಡಿಯಲ್ಲೇ ಬಿಟ್ಟು ಬರಬೇಕು. ಅದು ಮನೆಗೆ ಬಂದು ಕೂತರೆ ಎಬ್ಬಿಸುವುದು ಕಷ್ಟ. ನಮ್ಮ ಕನ್ನಡಕದಣ್ಣನ ಕೆಲಸ ಅವನ ಬೆನ್ನು ಹಿಡಿದು ಊಟದ ಮೇಜಿಗೂ ಬಂತು, ಮಲಗುವ ಕೋಣೆಗೂ ಬಂತು, ಕೊನೆಗೆ ಹಿತ್ತಲಿಗೂ ಹೋಗಿ ಅವನ ಮನೆ ಹಾಳುಮಾಡಿತು.

ಕೆಲಸವೆಂದರೆ ಮತ್ತೇನಲ್ಲ, ಕಣ್ಣಿನ ಪರೀಕ್ಷೆ. ಅವನು ಸಂಬಳಕ್ಕಿದ್ದ ಪೇಟೆ ಬೀದಿಯ ಕನ್ನಡಕದಂಗಡಿಯಲ್ಲಿ ಪರದೆಯ ಹಿಂದೆ ಒಂದು ಮಬ್ಬುಗತ್ತಲ ಕೋಣೆ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಅದರೊಳಗೆ ಒಂದು ಗಾಜು ಇಳಿಸುವುದು, ತೆಗೆಯುವುದು, ಇನ್ನೊಂದು ಇಳಿಸುವುದು. "ಇದು ಚೆನ್ನಾಗಿ ಕಾಣುತ್ತೋ, ಮೊದಲಿನದೋ?" ಎಂದು ಕೇಳುವುದು. ಗಿರಾಕಿ ಹೇಳುತ್ತಾನೆ, ಇವನು ಬರೆದುಕೊಳ್ಳುತ್ತಾನೆ. ಕೂದಲು ನರೆಯುವವರೆಗೆ ಹೀಗೆ ಬೇರೆಯವರ ಬಾಯಿಂದಲೇ ತೀರ್ಮಾನ ಹೊರಡಿಸಿ ಹೊರಡಿಸಿ, ಸ್ವಂತ ತೀರ್ಮಾನ ಮಾಡುವ ಶಕ್ತಿ ಅವನಲ್ಲಿ ಬಳಕೆಯಿಲ್ಲದೆ ತುಕ್ಕು ಹಿಡಿದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭವೂ ಬಂದಿರಲಿಲ್ಲ. ಮನೆಯಲ್ಲಿ ಆರಿಸುವ ಕೆಲಸವನ್ನೆಲ್ಲ ಹೆಂಡತಿಯೇ ಮಾಡಿ ಮುಗಿಸುತ್ತಿದ್ದಳು.

ಈ ಹೆಂಡತಿ ಜೇನು ಸಾಕುತ್ತಿದ್ದಳು. ಹಾಳುಬಿದ್ದ ನೀರಿನ ಟ್ಯಾಂಕಿನಲ್ಲಿ ಕೂತಿದ್ದ ಒಂದು ಹಿಂಡನ್ನು ದಿಂಬಿನ ಚೀಲದಲ್ಲಿ ಹಿಡಿದು ತಂದು ಶುರುಮಾಡಿದವಳು, ಈಗ ಹಿತ್ತಲಿನಲ್ಲಿ ಒಂದು ಟ್ರೇಲರ್ ತುಂಬ ಪೆಟ್ಟಿಗೆ ಸಾಲಾಗಿ ಇಟ್ಟಿದ್ದಳು. ಆ ಮನೆಯಲ್ಲಿ ಪೂರ್ತಿ ಅವಳದು ಅಂತ ಇದ್ದದ್ದು ಅದೊಂದೇ. ವರ್ಷಕ್ಕೆ ಎರಡು ಸಲ ಮಾತ್ರ ಆ ಟ್ರೇಲರ್ ಅಲ್ಲಾಡುತ್ತಿತ್ತು. ಊರಿನ ಸುತ್ತಮುತ್ತ ಹೂ ಮುಗಿದಾಗ ಹೊಳೆಯಾಚೆಯ ಸೂರ್ಯಕಾಂತಿ ಹೊಲಕ್ಕೆ ಎಳೆದುಕೊಂಡು ಹೋಗಬೇಕು, ಅಲ್ಲಿ ಹೂ ಮುಗಿದಾಗ ವಾಪಸ್ಸು ತರಬೇಕು. ಹೋಗದಿದ್ದರೆ ಜೇನಿಗೆ ಉಪವಾಸ. ಇಷ್ಟು ದಿನ ಎಳೆಯುವ ಕೆಲಸ ಅವಳ ತಮ್ಮನ ಹಳೇ ಜೀಪಿನದಾಗಿತ್ತು.

ಆ ತಮ್ಮ, ಅಂದರೆ ನಮ್ಮವನ ಭಾವಮೈದ, ಉಪಕಾರ ಮಾಡಿ ಸುಮ್ಮನಿರುವ ಪೈಕಿ ಅಲ್ಲ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ, ತುತ್ತು ಬಾಯಲ್ಲಿರುವಾಗಲೇ ಕೇಳಿದ. "ಅಲ್ಲ ಭಾವ, ನನ್ನ ಜೀಪೊಂದು ಇಲ್ದಿದ್ರೆ ಅಕ್ಕನ ಜೇನಿನ ಗತಿ ಏನು? ನೀವು ಹೆಗಲ ಮೇಲೆ ಹೊತ್ಕೊಂಡು ಹೋಗ್ತಿದ್ರಾ?"

ಎಲ್ಲರೂ ನಕ್ಕರು. ಮಾವ ತುಸು ಜಾಸ್ತಿಯೇ ನಕ್ಕರು. ಕನ್ನಡಕದಣ್ಣನ ಮೈಯೆಲ್ಲ ಉರಿಯಿತು.

"ನಿನ್ನ ಜೀಪು ನೀನೇ ಇಟ್ಕೋಪ್ಪ. ನಾವೇ ಸ್ವಂತ ಗಾಡಿ ತಗೋತಾ ಇದ್ದೀವಿ. ಪಿಕಪ್."

ಹೆಂಡತಿ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೂ ಇದು ಹೊಸ ಸುದ್ದಿ. ಮುಖದಲ್ಲಿ ಎಂತಹ ಬೆಳಕು ಬಂತೆಂದರೆ, ಅದನ್ನು ನೋಡಿದ ಮೇಲೆ ಅವನು ಹೇಳಿದ್ದನ್ನು ನುಂಗಿಕೊಳ್ಳುವ ಹಾಗೇ ಇರಲಿಲ್ಲ.

"ಓಹೋ!" ಎಂದ ಭಾವಮೈದ. "ಡೀಸೆಲ್ಲಾ, ಪೆಟ್ರೋಲಾ?"

ಅಂಥದ್ದೊಂದು ಪ್ರಶ್ನೆ ಪ್ರಪಂಚದಲ್ಲಿದೆ ಎಂದು ಅವನಿಗೆ ತಿಳಿದದ್ದೇ ಆಗ. ಗಾಡಿ ಅಂದರೆ ಗಾಡಿ ಅಂದುಕೊಂಡಿದ್ದ. ಹಾಗಂತ ಒಪ್ಪಿಕೊಂಡರೆ ಮಾನ ಉಳಿಯುತ್ತದೆಯೇ? ನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ಅದನ್ನ ಹಂಗೆಲ್ಲ ಬಾಯಿಗೆ ಬಂದಂಗೆ ಹೇಳೋಕಾಗಲ್ಲ. ಕೂಲಂಕಷವಾಗಿ ಪರೀಕ್ಷೆ ಮಾಡಿ ತೀರ್ಮಾನ ಮಾಡ್ಬೇಕು," ಎಂದ.

"ಪರೀಕ್ಷೆ ಏನು ಬಂತು ಅಳಿಯಂದ್ರೇ?" ಎಂದರು ಮಾವ. ಬದುಕಿಡೀ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಡೀಸೆಲ್ ವಾಸನೆ ಬಂದರೆ ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವವರು. "ಎಳೆಯೋದು ಅಂದ್ರೆ ಡೀಸೆಲ್ಲೇ. ಹಿಂದೆ ಭಾರ ಇದೆ ಅಂತಾನೇ ಅದಕ್ಕೆ ಗೊತ್ತಾಗಲ್ಲ. ಏರು ಬಂದ್ರೆ ಗುಮ್ ಅಂತ ಹತ್ತುತ್ತೆ."

"ವರ್ಷಕ್ಕೆರಡು ಸಲ ಎಳೆಯೋಕೆ ಡೀಸೆಲ್ಲಾ?" ಎಂದು ಭಾವಮೈದ ಅಪ್ಪನಿಗೇ ಎದುರು ನಿಂತ. "ಉಳಿದ ದಿನ ಅಂಗಡಿಗೆ ಹೋಗಿ ಬರೋದು ತಾನೇ? ಅಷ್ಟಷ್ಟೇ ದೂರ ಓಡಿಸಿದ್ರೆ ಡೀಸೆಲ್ ಗಾಡಿ ಹೊಗೆ ಕೊಳವೆ ಕಟ್ಕೊಂಡು ಕೆಮ್ಮೋಕೆ ಶುರು ಮಾಡುತ್ತೆ. ಪೆಟ್ರೋಲ್ ತಗೊಳ್ಳಿ ಭಾವ, ಸುಮ್ನೆ ಓಡುತ್ತೆ."

"ಏರಲ್ಲಿ ನಿಂತ್ಕೊಂಡು ಅಳುತ್ತೆ!"

"ಅಪ್ಪ, ನಿಮ್ಮ ಕಾಲ ಮುಗೀತು!"

ಅಷ್ಟಕ್ಕೇ ತಂದೆ ಮಗ ಮಾತು ಬಿಟ್ಟರು. ಭಾವಮೈದ ಅಲ್ಲಿಗೂ ನಿಲ್ಲಿಸದೆ, ನೀವೇ ತಗೊಳ್ಳೋದಾದ್ರೆ ನನಗ್ಯಾಕೆ ಈ ಹಳೇ ಡಬ್ಬ ಎಂದು ಅದೇ ವಾರ ಜೀಪು ಮಾರಿಬಿಟ್ಟ.

ಹೆಂಡತಿ ಮಾತ್ರ ಗಂಡನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು. "ರೀ, ಪೆಟ್ಟಿಗೆಗಳೆಲ್ಲ ಸೇರಿದ್ರೂ ಅಂಥಾ ಭಾರ ಏನಿಲ್ಲ. ಎರಡ್ರಲ್ಲಿ ಯಾವುದು ತಂದ್ರೂ ಎಳೆಯುತ್ತೆ. ಹೊಳೆಯಾಚೆ ಮೊಗ್ಗು ಬಂದಿದೆಯಂತೆ, ಹೊಲದ ಯಜಮಾನ್ರು ಫೋನ್ ಮಾಡಿದ್ರು. ಹೂ ಅರಳೋದ್ರೊಳಗೆ ಗಾಡಿ ಬಂದ್ಬಿಡ್ಲಿ. ಅಷ್ಟು ಸಾಕು ನನಗೆ."

ಪ್ರಪಂಚದಲ್ಲಿ ಆ ವಿಷಯವಾಗಿ ಹೊರಟ ವಿವೇಕದ ಮಾತು ಅದೊಂದೇ. ಅವನು ಅದನ್ನು ಹೆಂಗಸರ ಮಾತು ಎಂದು ಪಕ್ಕಕ್ಕಿಟ್ಟ.

ಗಾಡಿ ಮಾರುವ ಮಳಿಗೆಯಲ್ಲಿ ಡೀಸೆಲ್ಲಿನದೊಂದು, ಪೆಟ್ರೋಲಿನದೊಂದು, ಒಂದೇ ಬಣ್ಣದ ಎರಡು ಪಿಕಪ್ ಪಕ್ಕಪಕ್ಕ ನಿಂತಿದ್ದವು. ಕನ್ನಡಕದಣ್ಣ ಮೊದಲನೆಯದರಲ್ಲಿ ಕೂತ. ಇಳಿದು ಎರಡನೆಯದರಲ್ಲಿ ಕೂತ. ಮತ್ತೆ ಮೊದಲನೆಯದಕ್ಕೆ ಹೋದ. ಮಾರುವ ಹುಡುಗಿ ಮೊದಮೊದಲು ಓಡಿ ಓಡಿ ಬಾಗಿಲು ತೆಗೆದಳು. ಆಮೇಲೆ ಸುಸ್ತಾಗಿ ಎರಡು ಗಾಡಿಯ ಬಾಗಿಲನ್ನೂ ತೆಗೆದೇ ಇಟ್ಟಳು.

"ಯಾವುದು ಚೆನ್ನಾಗಿದೆ ಸಾರ್?" ಎಂದು ಅವಳು ಕೇಳಿದಳು. ಇಷ್ಟು ವರ್ಷ ಅವನು ಇನ್ನೊಬ್ಬರನ್ನು ಕೇಳಿದ್ದ ಪ್ರಶ್ನೆ. ಕುರ್ಚಿಯಲ್ಲಿ ಕೂತವರು ಅದಕ್ಕೆ ಹೇಗೆ ಅಷ್ಟು ಸಲೀಸಾಗಿ ಉತ್ತರ ಕೊಡುತ್ತಿದ್ದರೋ ಅರ್ಥವಾಗಲಿಲ್ಲ.

"ಇನ್ನೊಂದ್ಸಲ ಮೊದಲಿನದು ತೋರಿಸಮ್ಮ," ಎಂದ.

ದಿನಾ ಬೆಳಿಗ್ಗೆ ಡೀಸೆಲ್ ಎಂದು ನಿರ್ಧರಿಸಿ ಏಳುತ್ತಿದ್ದ. ಹಲ್ಲುಜ್ಜುವಷ್ಟರಲ್ಲಿ ಪೆಟ್ರೋಲಾಗುತ್ತಿತ್ತು. ಹೂ ಅರಳಲು ಶುರುವಾಗಿದೆ ಎಂದು ಹೊಳೆಯಾಚೆಯಿಂದ ಫೋನ್ ಬಂತು. ಹೆಂಡತಿ ಕಾದು ನೋಡಿ, ಬೇರೆ ದಾರಿಯಿಲ್ಲದೆ ಒಂದು ಬಾಡಿಗೆ ಟ್ರ್ಯಾಕ್ಟರ್ ಗೊತ್ತುಮಾಡಿದಳು. ಅದು ಬಂದು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆದಾಗ ಮನೆಯಲ್ಲಿದ್ದವನು ಇವನೊಬ್ಬನೇ. ಪಕ್ಕದ ಮನೆಯ ದರ್ಜಿ ಕಿಟಕಿಯಿಂದ ನೋಡುತ್ತಿದ್ದ. ಬಾಡಿಗೆ ಗಾಡಿಯೆಂದರೆ ನಾಳೆ ಭಾವಮೈದನ ಬಾಯಿಗೆ ಆಹಾರ. "ನಮ್ಮ ಸ್ವಂತ ಗಾಡಿ ನಾಳೆ ಬರ್ತಿದೆ, ನೀನು ಹೋಗಪ್ಪ," ಎಂದು ಕನ್ನಡಕದಣ್ಣ ಎದೆಯುಬ್ಬಿಸಿ ಟ್ರ್ಯಾಕ್ಟರನ್ನು ವಾಪಸ್ಸು ಕಳಿಸಿದ. ಹೆಂಡತಿಗೆ ಅದು ಗೊತ್ತಾದ ಸಂಜೆ ಅವಳು ಜಗಳವನ್ನೂ ಮಾಡಲಿಲ್ಲ. ಸಕ್ಕರೆ ಪಾಕ ಕಾಯಿಸಿ, ತಟ್ಟೆಗಳಲ್ಲಿ ಹಾಕಿ ಒಂದೊಂದೇ ಪೆಟ್ಟಿಗೆಯೊಳಗೆ ಇಟ್ಟು ಬಂದಳು. ಆಗಲಾದರೂ ಅವನು ಹೆದರಬೇಕಿತ್ತು.

ಇನ್ನು ಅಂಗಡಿಯ ಕಥೆ.

ಒಂದು ದಿನ ಅದೇ ದರ್ಜಿ ಕಣ್ಣು ತೋರಿಸಲು ಬಂದ. ಚೌಕಟ್ಟು ಏರಿಸಿ, ಗಾಜು ಬದಲಿಸುತ್ತ ಬದಲಿಸುತ್ತ ಕನ್ನಡಕದಣ್ಣನ ಮನಸ್ಸು ಎಲ್ಲೋ ಹೋಯಿತು. ನಾಲಿಗೆ ತನ್ನಷ್ಟಕ್ಕೆ ಕೇಳಿತು. "ಡೀಸೆಲ್ಲೋ, ಪೆಟ್ರೋಲೋ?"

ದರ್ಜಿ ಬೆಚ್ಚಿದ. ಎದುರಿನ ಹಲಗೆಯಲ್ಲಿ ಅಕ್ಷರಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಕಣ್ಣು ಕಿರಿದುಮಾಡಿ, ಕತ್ತು ಚಾಚಿ ಹುಡುಕಿದ. ಕಾಣುತ್ತಿಲ್ಲ ಎಂದು ಹೇಳಲು ನಾಚಿಕೆ. "ಪೆ... ಪೆಟ್ರೋಲು," ಎಂದ.

"ಖಂಡಿತಾನಾ?"

"ಸ್ವಲ್ಪ ಮಸುಕಾಗಿದೆ ಅಣ್ಣ. ಆದ್ರೂ ಪೆಟ್ರೋಲ್ ಥರಾನೇ ಕಾಣುತ್ತೆ."

ದರ್ಜಿಯ ಕಣ್ಣು ನಿಜಕ್ಕೂ ಕೆಟ್ಟಿತ್ತು. ಸೀಸೆಯ ತಳದಂಥ ದಪ್ಪ ಗಾಜು ಬಂತು. ಅವನ ಹಿಂದೆ ಬಂದ ನಿವೃತ್ತ ಹೆಡ್‌ಮೇಡಂ ಅದೇ ಪ್ರಶ್ನೆಗೆ "ಡೀಸೆಲ್!" ಎಂದು ಕ್ಲಾಸಿನಲ್ಲಿ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದರು. ಅವರ ಕಣ್ಣು ಚೆನ್ನಾಗಿತ್ತು, ಕನ್ನಡಕ ಬೇಡ ಎಂದು ಕಳಿಸಿದ. ದರ್ಜಿಯೂ ಹೆಡ್‌ಮೇಡಮ್ಮೂ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬರ ಉತ್ತರ ಒಬ್ಬರಿಗೆ ಹೇಳಿಕೊಂಡರು. ಊರಿಗೆ ಇನ್ನೇನು ಬೇಕು? ಹೊಸ ನಮೂನೆಯ ಪರೀಕ್ಷೆ ಬಂದಿದೆ, ಪೆಟ್ರೋಲ್ ಅಂದವರಿಗೆ ದಪ್ಪ ಗಾಜು, ಡೀಸೆಲ್ ಅಂದವರು ಪಾಸು ಎಂದು ಸುದ್ದಿ ಬೀದಿ ಬೀದಿ ಸುತ್ತಿತು.

ಮಾರನೆಯ ದಿನದಿಂದ ಕುರ್ಚಿಯಲ್ಲಿ ಕೂತವರೆಲ್ಲ ಒಂದೇ ರಾಗ. ಡೀಸೆಲ್. ಗಾಡಿಯನ್ನೇ ಹತ್ತದ ಅಜ್ಜಿಯೂ ಡೀಸೆಲ್. ಇನ್ನೂ ಏನೂ ಕೇಳುವ ಮೊದಲೇ, ಕೂರುತ್ತಿದ್ದ ಹಾಗೇ ಡೀಸೆಲ್. ಕನ್ನಡಕದಣ್ಣನಿಗೆ ಮೊದಲು ಆನಂದ ಉಕ್ಕಿತು. ಇಡೀ ಊರಿನ ಅಭಿಪ್ರಾಯ ಇಷ್ಟು ಸ್ಪಷ್ಟವಾಗಿರುವಾಗ ಚಿಂತೆ ಯಾಕೆ? ಅವತ್ತೇ ಹೋಗಿ ತಂದುಬಿಟ್ಟಿದ್ದರೆ ಈ ಕಥೆ ನಗುನಗುತ್ತ ಮುಗಿಯುತ್ತಿತ್ತು. ಸೂರ್ಯಕಾಂತಿ ಪೂರ್ತಿ ಅರಳಿ ನಿಂತಿದ್ದ ವಾರ ಅದು. ಆದರೆ ಅನುಮಾನ ಅವನ ತಲೆಯೊಳಗೆ ಕಾಲು ಚಾಚಿಕೊಂಡು ಕೂತುಬಿಟ್ಟಿತ್ತು.

"ಊರಿಗೆ ಊರೇ ಒಂದೇ ಹೇಳುತ್ತೆ ಅಂದ್ರೆ ಇದರಲ್ಲೇನೋ ಮೋಸ ಇದೆ ಕಣೇ," ಎಂದ ಹೆಂಡತಿಗೆ.

"ಹಾಗಾದ್ರೆ ಪೆಟ್ರೋಲ್ ತನ್ನಿ."

"ಊರೆಲ್ಲ ಬೇಡ ಅಂದದ್ದನ್ನ ತರೋದಾ?"

"ಜೇನು ಬಡಕಲಾಗ್ತಿವೆ ರೀ," ಎಂದಳು ಅವಳು. "ಪಾಕ ಎಷ್ಟು ಅಂತ ಕೊಡ್ಲಿ? ಅವಕ್ಕೆ ಹೂ ಬೇಕು. ನಾನೇ ಹೋಗಿ ಯಾವುದೋ ಒಂದು ತಂದ್ಬಿಡ್ಲಾ?"

"ಯಾವುದೋ ಒಂದಾ! ಇನ್ನೆರಡು ದಿನ ಸುಮ್ನಿರು."

ಆ ಎರಡು ದಿನದೊಳಗೆ ಅಂಗಡಿಗೆ ಆರೋಗ್ಯ ಇಲಾಖೆಯ ಅಧಿಕಾರಿ ಬಂದರು. ಹಿಂದೆಯೇ ಒಬ್ಬ ಲಾರಿ ಡ್ರೈವರು. ಲೈಸೆನ್ಸಿಗೆ ಕಣ್ಣಿನ ಸರ್ಟಿಫಿಕೇಟು ಬೇಕೆಂದು ಬಂದಿದ್ದ ಅವನು, ಊರಿನ ಸುದ್ದಿ ತಿಳಿಯದೆ ಪೆಟ್ರೋಲ್ ಅಂದಿದ್ದ. ದೂರದ ಅಕ್ಷರ ಓದಲಾಗದೆ ಫೇಲಾಗಿದ್ದ. ಡೀಸೆಲ್ ಲಾರಿ ಓಡಿಸುವವನ ಬಾಯಿಂದ ಪೆಟ್ರೋಲ್ ಹೇಳಿಸಿ ಮೋಸ ಮಾಡಿದರೆಂದು ಅವನ ದೂರು.

"ಏನ್ರೀ ಇದು?" ಎಂದರು ಅಧಿಕಾರಿ. "ಡೀಸೆಲ್ ಅಂದ್ರೆ ಕಣ್ಣು ಸರಿ, ಪೆಟ್ರೋಲ್ ಅಂದ್ರೆ ಕಣ್ಣು ಮಂದ ಅಂತ ಸರ್ಟಿಫಿಕೇಟ್ ಕೊಡ್ತಿದ್ದೀರಂತೆ?"

"ಇಲ್ಲ ಸಾರ್. ಅದು ನನ್ನ ಸ್ವಂತ ಪ್ರಶ್ನೆ."

"ಸ್ವಂತ ಪ್ರಶ್ನೆನಾ? ಇಲಾಖೆ ಅನುಮತಿ ತಗೊಂಡಿದ್ದೀರಾ?"

"ಜೇನು ಎಳೆಯೋಕೆ ಸಾರ್."

ಅಧಿಕಾರಿ ಅಂಗಡಿಯ ಮಾಲೀಕರ ಮುಖ ನೋಡಿದರು. ಮಾಲೀಕರು ಗೋಡೆಯ ಮುಖ ನೋಡಿದರು. ಕನ್ನಡಕದಣ್ಣ ಹೊಳೆ, ಹೂವು, ಟ್ರೇಲರ್, ಜೀಪು, ಮಾವ, ಭಾವಮೈದ ಎಲ್ಲವನ್ನೂ ವಿವರಿಸಿದ. ಕೇಳುತ್ತ ಕೇಳುತ್ತ ಅಧಿಕಾರಿಯ ಮುಖ ಮೆತ್ತಗಾಯಿತು. ಅವರಿಗೂ ಒಂದು ದೋಣಿ ಇತ್ತು, ಅದಕ್ಕೊಂದು ಟ್ರೇಲರ್ ಇತ್ತು.

"ವರ್ಷಕ್ಕೆರಡು ಸಲಕ್ಕೆ ಡೀಸೆಲ್ ಯಾಕ್ರೀ? ಪೆಟ್ರೋಲ್ ತಗೊಳ್ಳಿ. ರಿಪೇರಿ ಕಮ್ಮಿ."

"ಸಾರ್, ಹೊಳೆ ದಾಟಿದ ಮೇಲೆ ಏರು ಇದೆ!" ಎಂದ ಲಾರಿ ಡ್ರೈವರು, ತನ್ನ ದೂರು ಮರೆತು. "ಪೆಟ್ರೋಲ್ ಗಾಡಿ ಅಲ್ಲಿ ಏದುಸಿರು ಬಿಡುತ್ತೆ. ಟ್ಯಾಂಕ್ ಪೂರ್ತಿ ಕುಡಿದುಬಿಡುತ್ತೆ!"

"ನನಗೆ ಹೇಳ್ಕೊಡ್ತೀಯೇನಯ್ಯ? ನಾನು ಸಮುದ್ರದ ತನಕ ಎಳ್ಕೊಂಡು ಹೋಗಿದ್ದೀನಿ!"

"ಸಮುದ್ರಕ್ಕೆ ಹೋಗೋ ದಾರಿ ಇಳಿಜಾರು ಸಾರ್!"

ವಿಚಾರಣೆ ಹೊಡೆದಾಟದ ತನಕ ಹೋಯಿತು. ಚೌಕಟ್ಟು ಕೆಳಗೆ ಬಿತ್ತು, ಗಾಜಿನ ಪೆಟ್ಟಿಗೆ ಮಗುಚಿತು. ಹೋಗುವ ಮೊದಲು ಅಧಿಕಾರಿ ಅಂಗಿ ಸರಿಮಾಡಿಕೊಂಡು ಕನ್ನಡಕದಣ್ಣನ ಕಿವಿಯಲ್ಲಿ, "ಯಾವುದಕ್ಕೂ ನನ್ನ ಹೆಸರಿಗೆ ಡೀಸೆಲ್ ಅಂತಾನೇ ಬರ್ಕೊಳ್ಳಿ. ನನ್ನ ಲೈಸೆನ್ಸೂ ಮುಗೀತಾ ಬಂತು," ಎಂದರು.

ಮಾಲೀಕರು ಒಡೆದ ಗಾಜು ಗುಡಿಸುತ್ತ ಹೇಳಿದರು. "ನೋಡಪ್ಪ, ಯಾವುದಾದ್ರೂ ಒಂದು ಗಾಡಿ ತಗೊಂಡು, ಅದರಲ್ಲೇ ಕೂತು ಅಂಗಡಿಗೆ ಬಾ. ಅಲ್ಲೀವರೆಗೂ ಈ ಮೆಟ್ಟಿಲು ಹತ್ತಬೇಡ."

ಕೆಲಸಕ್ಕೂ ಕುತ್ತು ಬಂದಾಗ ಮನುಷ್ಯನಿಗೆ ಧೈರ್ಯ ಬರುತ್ತದೆ. ಮಾರನೆಯ ಬೆಳಿಗ್ಗೆ ಕನ್ನಡಕದಣ್ಣ ಒಗೆದ ಅಂಗಿ ಹಾಕಿಕೊಂಡು ಹೊರಟ. ಹೆಂಡತಿ ಬಾಗಿಲ ತನಕ ಬಂದಳು. ಅವಳ ಕಣ್ಣಿನ ಸುತ್ತ ಕಪ್ಪಾಗಿತ್ತು.

"ಹೊಲದ ಯಜಮಾನ್ರು ಮತ್ತೆ ಫೋನ್ ಮಾಡಿದ್ರು. ಹೂ ಬಾಗೋಕೆ ಶುರುವಾಗಿದೆ. ಕಡೇ ಹೊಲ ಒಂದು ಮಾತ್ರ ಇನ್ನೂ ಹಳದಿ ಇದೆಯಂತೆ. ಇವತ್ತು ಸಂಜೆ ಎಳೆದ್ರೆ ಉಂಟು, ಇಲ್ದಿದ್ರೆ ಇಲ್ಲ. ಏನೂ ಯೋಚನೆ ಮಾಡ್ಬೇಡಿ. ಮೊದಲು ಕಣ್ಣಿಗೆ ಬಿದ್ದದ್ದನ್ನ ಓಡಿಸ್ಕೊಂಡು ಬನ್ನಿ."

"ಇವತ್ತು ಬಂದೇ ಬರುತ್ತೆ," ಎಂದ. ಹೇಳುವಾಗ ಅವನಿಗೆ ಅದರಲ್ಲಿ ಪೂರ್ತಿ ನಂಬಿಕೆಯಿತ್ತು. ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಮಳಿಗೆಗೆ ಹೋದರೆ, ಅವನ ಪುಣ್ಯವೋ ಏನೋ, ಒಂದೇ ಗಾಡಿ ನಿಂತಿತ್ತು. ಪೆಟ್ರೋಲಿನದು. ಡೀಸೆಲ್ಲನ್ನು ಯಾರೋ ಹಿಂದಿನ ದಿನ ತೆಗೆದುಕೊಂಡು ಹೋಗಿದ್ದರು. ಕನ್ನಡಕದಣ್ಣನಿಗೆ ಎದೆಯ ಮೇಲಿನ ಬಂಡೆ ಇಳಿಯಿತು. ಆರಿಸುವ ಕರ್ಮವೇ ಇಲ್ಲ! ಕುಣಿಯಬೇಕೆನ್ನಿಸಿತು. "ಇದನ್ನೇ ಕೊಡಮ್ಮ, ಈಗಲೇ," ಎಂದು ಕೂತ. ಗಾಡಿಯ ಹಿಂದೆ ಟ್ರೇಲರಿನ ಕೊಂಡಿಯೂ ಇತ್ತು. ಪೆನ್ನು ಕೈಗೆ ಬಂತು, ಸಹಿಯ ಅರ್ಧ ಭಾಗವೂ ಆಯಿತು.

ಮಾರುವ ಹುಡುಗಿ ಒಳ್ಳೆಯವಳು. ದಿನಾ ಬರುವ ಗಿರಾಕಿ, ಪಾಪ, ಇಷ್ಟವಿಲ್ಲದ್ದನ್ನು ತೆಗೆದುಕೊಳ್ಳುವುದು ಬೇಡವೆಂದು ಕನಿಕರಪಟ್ಟಳು. "ಸಾರ್, ಅವಸರ ಇಲ್ದಿದ್ರೆ ಮುಂದಿನ ವಾರ ಡೀಸೆಲ್ಲೂ ಬರುತ್ತೆ."

ಪೆನ್ನು ನಿಂತಿತು. ಕನ್ನಡಕದಣ್ಣ ತನ್ನ ಕೈಯನ್ನೇ ನೋಡಿದ. ಹೊಳೆಯಾಚೆಯ ಹಳದಿ ಹೊಲವೊಂದು ಅವನ ಕಣ್ಣ ಮುಂದೆ ಬಂತು, ಹೆಂಡತಿಯ ಮುಖವೂ ಬಂತು. ಸಹಿಯ ಉಳಿದರ್ಧ ಮಾತ್ರ ಬರಲಿಲ್ಲ. ಹೊಳೆ ದಾಟಿದ ಮೇಲಿನ ಏರು ಬಂತು, ಕೆಮ್ಮುವ ಕೊಳವೆ ಬಂತು, ಮಾವ ಬಂದರು, ಭಾವಮೈದ ಬಂದ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ತಾನು ಸರ್ವನಾಶವಾಗುತ್ತಿದ್ದೇನೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಹೇಳಿತು: "ಹಾಗಾದ್ರೆ... ಅದನ್ನೂ ಒಂದ್ಸಲ ನೋಡಿಬಿಡೋಣ."

ಮನೆಯ ಬೀದಿಗೆ ತಿರುಗುವಾಗ ಮಧ್ಯಾಹ್ನ ಇಳಿದಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬೀದಿಯ ಜನವೆಲ್ಲ ಕತ್ತೆತ್ತಿ ನಿಂತಿದ್ದರು. ಮೊದಲು ಸದ್ದು ಕೇಳಿಸಿತು, ಆಮೇಲೆ ಕಂಡಿತು. ಹಿತ್ತಲಿನಿಂದ ಜೇನು ಮೇಲೆದ್ದಿತ್ತು. ಒಂದು ಪೆಟ್ಟಿಗೆಯದಲ್ಲ, ಸಾಲಿಗೆ ಸಾಲೇ ಖಾಲಿಯಾಗಿ ಕಪ್ಪು ಮೋಡದ ಹಾಗೆ ಮನೆಯ ಮಾಡಿನ ಮೇಲೆ ಸುತ್ತಿ, ದರ್ಜಿಯ ಮಹಡಿ ದಾಟಿ, ನೋಡುತ್ತಿದ್ದ ಹಾಗೇ ಸಣ್ಣದಾಗುತ್ತ ಹೋಯಿತು.

"ಹೊಳೆ ಕಡೇನೇ ಹೋದ್ವು," ಎಂದ ದರ್ಜಿ, ದಪ್ಪ ಗಾಜಿನೊಳಗಿಂದ. ಅವನಿಗೆ ಈಗ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಹಿತ್ತಲಿನಲ್ಲಿ ಭಾವಮೈದನೂ ಮಾವನೂ ಇದ್ದರು. ಮಾತು ಬಿಟ್ಟವರು ಈ ಗಲಾಟೆಯಲ್ಲಿ ಮತ್ತೆ ಮಾತಾಡುತ್ತಿದ್ದರು: ನಿನ್ನೆ ಪೆಟ್ರೋಲ್ ತಂದಿದ್ದರೂ ಉಳಿಯುತ್ತಿದ್ದವು ಎಂದು ಒಬ್ಬ, ಮೊನ್ನೆಯೇ ಡೀಸೆಲ್ ತಂದಿದ್ದರೆ ಅಂತ ಇನ್ನೊಬ್ಬರು. ಹೆಂಡತಿ ಅವರ ಕಡೆ ನೋಡಲೂ ಇಲ್ಲ. ಟ್ರೇಲರ್ ಮೇಲೆ ಹತ್ತಿ ಪೆಟ್ಟಿಗೆಗಳ ಮುಚ್ಚಳ ಒಂದೊಂದಾಗಿ ತೆಗೆದು, ಬಗ್ಗಿ ನೋಡಿ, ಮತ್ತೆ ಮುಚ್ಚುತ್ತಿದ್ದಳು. ಒಳಗಿನ ಮೇಣದ ಎರಿಗಳೆಲ್ಲ ಒಣಗಿ ಬರಿದಾಗಿದ್ದವು. ಕಡೇ ಪೆಟ್ಟಿಗೆಯ ಮುಂದೆ ಅವಳು ತುಂಬ ಹೊತ್ತು ಬಗ್ಗಿಯೇ ಇದ್ದಳು. ಅದರಲ್ಲಿ ಮಾತ್ರ ಒಂದು ಹಿಡಿಯಷ್ಟು ಜೇನು, ರಾಣಿಯನ್ನು ಸುತ್ತಿಕೊಂಡು ಉಳಿದಿತ್ತು.

ಅವಳು ಅಲ್ಲೇ ಕೂತು ಅತ್ತಳು. ಸದ್ದು ಮಾಡದೆ, ಸೆರಗಿನಿಂದ ಮುಖವನ್ನೂ ಮುಚ್ಚಿಕೊಳ್ಳದೆ ಅತ್ತಳು. ಕನ್ನಡಕದಣ್ಣ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟು ಟ್ರೇಲರಿನ ಪಕ್ಕಕ್ಕೆ ಹೋಗಿ ನಿಂತ.

ಹೊತ್ತು ಮುಳುಗುವ ಮೊದಲು ಅವಳು ಎದ್ದಳು. ಮುಖ ತೊಳೆದು ಬಂದು, ಆ ಒಂದು ಪೆಟ್ಟಿಗೆಯ ಬಾಯಿಗೆ ಜಾಲರಿ ಬಟ್ಟೆ ತುರುಕಿ, ಹಗ್ಗ ಸುತ್ತಿ ಬಿಗಿದಳು.

"ಅಪ್ಪ, ಹೊಳೆಯಾಚೆಗೆ ಸಂಜೆ ಬಸ್ಸಿದೆ ಅಲ್ವಾ?"

"ಇದೆಯಮ್ಮ. ಓಡಿಸೋನು ನನ್ನ ಕೈಲಿ ಕಲ್ತೋನು. ಹಿಂದಿನ ಸೀಟಲ್ಲಿ ಇಟ್ಕೊಂಡು ಹೋಗೋಣ, ಏನೂ ಅನ್ನಲ್ಲ," ಎಂದರು ಮಾವ.

ಅವಳು ಗಂಡನ ಕಡೆ ತಿರುಗಿದಳು. ಕೋಪವಿರಲಿಲ್ಲ, ಕೋಪವಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬಸ್‌ಸ್ಟಾಪ್ ತನಕ ಎತ್ಕೊಂಡು ಹೋಗ್ಬೇಕು. ಈ ಕಡೆ ಹಿಡೀತೀರಾ, ಆ ಕಡೆ ಹಿಡೀತೀರಾ?"

ಅವನು ಮುಂದೆ ಬಂದ. ಪೆಟ್ಟಿಗೆಯ ಈ ಕಡೆ ನೋಡಿದ. ಆ ಕಡೆ ನೋಡಿದ. ಈ ಕಡೆ ಹಗ್ಗದ ಗಂಟು ಇತ್ತು. ಆ ಕಡೆ ಪೆಟ್ಟಿಗೆಯ ಬಾಯಿ.

ಅವಳು ಕಾದಳು. ಮಾವ, ಭಾವಮೈದ, ಬೇಲಿಯಾಚೆಯ ದರ್ಜಿ, ಎಲ್ಲರೂ ಕಾದರು. ಆಮೇಲೆ ದರ್ಜಿ ಬೇಲಿ ದಾಟಿ ಬಂದು ಬಗ್ಗಿ ಒಂದು ಕಡೆ ಹಿಡಿದ, ಅವಳು ಇನ್ನೊಂದು ಕಡೆ ಹಿಡಿದಳು. ಪೆಟ್ಟಿಗೆ ಹಗುರವಾಗಿ ಮೇಲೆದ್ದಿತು.

"ನಾನೂ ಬರ್ತೀನಿ," ಎಂದ ಕನ್ನಡಕದಣ್ಣ.

"ಬೇಡ ರೀ," ಎಂದಳು ಅವಳು, ತಿರುಗಿ ನೋಡದೆ. "ಹೊಲದ ಹತ್ರ ದಾರಿ ಎರಡಾಗುತ್ತೆ."